ತಗಡಿನ ಸಮುದ್ರ

ತಗಡನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲಿಗೆ ಒತ್ತಿ ಬಗ್ಗಿಸಿದೆ. ಅದು ನರಳಿತು. ಒಡೆದ ಗಾಜು ತುಂಬಿದ ಪೆಟ್ಟಿಗೆಯನ್ನು ಎಡಗಾಲಿನಿಂದ ಒದ್ದೆ. ರಬ್ಬರ್ ಕೊಳವೆ ಬಾಯಿಗಿಟ್ಟು ಪಕ್ಕದ ನೀರಿನ ತೊಟ್ಟಿಯೊಳಕ್ಕೆ ಊದಿದೆ, ಗುಳುಗುಳು ಗುಳ್ಳೆ ಎದ್ದವು. ಆರು ಸಾವಿರ ಟನ್ನಿನ ಹಡಗು ಮುಳುಗಿತು. ಪರದೆಯ ಆಚೆ ಚಪ್ಪಾಳೆ.

"ಕೇಳಿದ್ರಾ?" ಎಂದ ಕ್ಯಾಪ್ಟನ್ ಬ್ರೋಕ್ವೇಡ್ ವೇದಿಕೆಯ ಮೇಲಿಂದ. "ಉಕ್ಕಿನ ಗೋಡೆಗಳು ಸಿಡಿಯೋ ಸದ್ದು ಅದು. ಒಂದು ಸಲ ಕೇಳಿದ ಕಿವಿ ಸಾಯೋವರೆಗೂ ಮರೆಯಲ್ಲ."

ಆ ಕಿವಿ ನನ್ನದು. ನಾನು ಓನ್ನೋ ಫ್ರೆರಿಕ್ಸ್, ಎಮ್ಡನ್‌ನವನು. ಎರಡು ವರ್ಷ ಅವನ ಜಲಾಂತರ್ಗಾಮಿಯಲ್ಲಿ, ನಮ್ಮ ಮಾತಿನಲ್ಲಿ ‘ಬೋಟಿ’ನಲ್ಲಿ, ರೇಡಿಯೊ ನೋಡಿಕೊಂಡು, ನೀರೊಳಗಿನ ಸದ್ದು ಹಿಡಿಯುವ ಯಂತ್ರದ ಮುಂದೆ ಕಿವಿಗೊಟ್ಟು ಕೂತವನು. ಈಗ, ೧೯೪೩ರ ಮಾರ್ಚ್‌ನಲ್ಲಿ, ಯಾವ ಸಮುದ್ರಕ್ಕೂ ಹತ್ತಿರವಿಲ್ಲದ ಎರ್ಲಾಬಾಖ್ ಎಂಬ ಗಾಜಿನ ಕೆಲಸದವರ ಊರಿನಲ್ಲಿ, ವ್ಯಾಯಾಮ ಶಾಲೆಯ ಪರದೆಯ ಹಿಂದೆ, ಸಮುದ್ರವೇ ನಾನಾಗಿದ್ದೆ. ತಗಡು, ಗಾಜು, ತೊಟ್ಟಿ, ಮತ್ತು ಒಣ ಬಟಾಣಿ ತುಂಬಿದ ಒಂದು ಕಾಫಿ ಬೀಸುವ ಯಂತ್ರ. ಅದರ ಹಿಡಿ ತಿರುಗಿಸಿದರೆ ಪ್ರೊಪೆಲ್ಲರ್. ದೇಶದ ವೀರ ಊರೂರಿಗೆ ಹೋಗಿ ಭಾಷಣ ಮಾಡುತ್ತಿದ್ದ. ನಾನು ಅವನು ತಂದ ಸದ್ದು.

ವೀರಚರಿತ್ರೆಯನ್ನು ಅವನ ಬಾಯಿಂದ ಕೇಳಿದರೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನನ್ನ ಬಾಯಿಂದ ಅಷ್ಟು ಬೇಕಿಲ್ಲ. ೧೯೪೦ರಲ್ಲಿ ಅವನ ಮೊದಲ ಬೇಟೆ ಮರದ ದಿಮ್ಮಿ ಹೊತ್ತ ಒಂದು ಸ್ವೀಡಿಷ್ ಹಡಗು. ತೂತು ಬಿತ್ತು, ಆದರೆ ಹೊಟ್ಟೆ ತುಂಬ ದಿಮ್ಮಿ ಇದ್ದ ಹಡಗು ಮುಳುಗುವುದಾದರೂ ಹೇಗೆ? ಅದು ತೇಲುತ್ತಲೇ ಇತ್ತು. ಇವನು ಅದಕ್ಕೆ ಬೆನ್ನು ತಿರುಗಿಸಿ ‘ಮುಳುಗಿತು’ ಎಂದು ಬರೆದ. ಮರುವರ್ಷ ಬೇರೆ ಬೋಟಿನವರು ಹೊಡೆದು, ಜನ ಬಿಟ್ಟುಹೋಗಿ, ಎರಡು ದಿನದಿಂದ ಉರಿಯುತ್ತಿದ್ದ ಎಣ್ಣೆ ಹಡಗೊಂದು ಸಿಕ್ಕಿತು. ಅದಕ್ಕೊಂದು ಟಾರ್ಪೆಡೊ ಬಿಟ್ಟು ಅದರ ಪೂರ್ತಿ ತೂಕವನ್ನು ತನ್ನ ಹೆಸರಿಗೆ ಹಾಕಿಕೊಂಡ. ಅದೇ ಬೇಸಿಗೆಯಲ್ಲಿ ಶತ್ರುವಿನ ಯುದ್ಧನೌಕೆ ಎಂದು ನಾಲ್ಕು ಟಾರ್ಪೆಡೊ ಬಿಟ್ಟದ್ದು ತೇಲುತ್ತಿದ್ದ ಒಂದು ಮಂಜುಗಡ್ಡೆಯ ಗುಡ್ಡಕ್ಕೆ. ದಿನಚರಿಯಲ್ಲಿ ಆ ಗುಡ್ಡ ‘ವೇಗವಾಗಿ ತಪ್ಪಿಸಿಕೊಂಡಿತು’. ನಿಜವಾಗಿ ಮುಳುಗಿಸಿದ್ದೂ ಉಂಟು, ನಾಲ್ಕು ಹಡಗು. ಆ ನಾಲ್ಕರಲ್ಲಿ ಮನುಷ್ಯರಿದ್ದರು. ಭಾಷಣದಲ್ಲಿ ಮಾತ್ರ ಇರಲಿಲ್ಲ.

ಕೊರಳಿಗೆ ಕಟ್ಟುವ ಶಿಲುಬೆ ಪದಕಕ್ಕಾಗಿ ಜೊಲ್ಲು ಸುರಿಸುವ ಕ್ಯಾಪ್ಟನ್‌ಗೆ ನಮ್ಮ ಬೋಟುಗಳಲ್ಲಿ ‘ಗಂಟಲು ನೋವು’ ಎನ್ನುತ್ತಾರೆ. ನಮ್ಮವನಿಗೆ ಇದ್ದದ್ದು ಹಳೇ ಗಂಟಲು ನೋವು. ಅಡುಗೆಯವ ಹಿರ್ಶೌಯರ್, ಬವೇರಿಯಾದ ದಪ್ಪ ಮನುಷ್ಯ, ಪ್ರತಿ ಭಾನುವಾರ ಮುಖ ಬಿಗಿಹಿಡಿದು ಅವನ ಮುಂದೆ ಒಂದು ಲೋಟ ಕಷಾಯ ಇಡುತ್ತಿದ್ದ.

"ಇದ್ಯಾಕೋ?"

"ಕ್ಯಾಪ್ಟನ್ ಸಾಹೇಬ್ರೆ, ಗಂಟಲಿಗೆ ಒಳ್ಳೇದು. ಜೇನುತುಪ್ಪಾನೂ ಹಾಕಿದ್ದೀನಿ."

ಬ್ರೋಕ್ವೇಡ್ ಕುಡಿಯುತ್ತಿದ್ದ. ಅವನಿಗೆ ಅರ್ಥವಾಗುತ್ತಿರಲಿಲ್ಲವೋ, ಅರ್ಥವಾಗಿಯೂ ಕುಡಿಯುತ್ತಿದ್ದನೋ, ಇವತ್ತಿಗೂ ಹೇಳಲಾರೆ.

ಹೋದ ಸೆಪ್ಟೆಂಬರ್‌ನಲ್ಲಿ ಆ ನೋವು ವಾಸಿಯಾಯಿತು. ಮಧ್ಯಾಹ್ನದ ಹೊತ್ತು, ದಟ್ಟ ಮಂಜು, ಒಂದು ದೊಡ್ಡ ಹಡಗುಗುಂಪಿನ ಬಲಬದಿಯನ್ನು ಕಾಯುತ್ತಿದ್ದ ಡಿಸ್ಟ್ರಾಯರ್ ಒಂದರ ಮೇಲೆ ನೀರಿನಡಿಯಿಂದ ಎರಡು ಟಾರ್ಪೆಡೊ ಬಿಟ್ಟೆವು. ಒಂದೂವರೆ ನಿಮಿಷದಲ್ಲಿ ತಾಗಬೇಕಿತ್ತು. ಎರಡು ನಿಮಿಷವಾಯಿತು, ಐದಾಯಿತು. ಹದಿಮೂರನೆಯ ನಿಮಿಷಕ್ಕೆ ದೂರದಲ್ಲಿ ಎಲ್ಲೋ ಢಂ ಎಂದಿತು. ಓಟ ಮುಗಿದ ಟಾರ್ಪೆಡೊ ತನ್ನಷ್ಟಕ್ಕೆ ತಳಕ್ಕಿಳಿದು ಸಿಡಿದಿತ್ತು. ಹಡಗಿನಲ್ಲಿ ಕಸ ಗುಡಿಸುವವನಿಗೂ ಗೊತ್ತಿರುವ ಸಂಗತಿ. ನನ್ನ ಕಿವಿಯಲ್ಲಿ ಡಿಸ್ಟ್ರಾಯರಿನ ಪ್ರೊಪೆಲ್ಲರ್ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಓಡುತ್ತಿತ್ತು.

"ಮುಳುಗಿತು!" ಎಂದ ಬ್ರೋಕ್ವೇಡ್. ದಡದಲ್ಲಿದ್ದ ಮೇಲಿನವರಿಗೆ ರೇಡಿಯೊದಲ್ಲಿ ಸುದ್ದಿ ಕಳಿಸಲು ಹೇಳಿದ: ಡಿಸ್ಟ್ರಾಯರ್ ನಾಶ, ಗುಂಪಿನ ಬಲಬದಿ ಖಾಲಿ.

ಕಳಿಸಿದೆ. ಕೀಲಿ ಒತ್ತಿದ್ದು ಈ ಬೆರಳು. ಮೇಲಿನವರು ಅದನ್ನು ನಂಬಿ, ನಮ್ಮ ಹಿಂದಿದ್ದ ಇನ್ನೊಂದು ಬೋಟಿಗೆ ‘ಬಲಬದಿಯಿಂದ ಹೋಗಿ, ದಾರಿ ಖಾಲಿ ಇದೆ’ ಎಂದರು. ಮರುದಿನ ಮಧ್ಯಾಹ್ನ ಆ ಬೋಟು ನೀರಿನ ಮೇಲೆ ಬಂದು ಪೂರ್ಣ ವೇಗದಲ್ಲಿ ಆ ಖಾಲಿ ದಾರಿ ಹಿಡಿಯಿತು. ಮಂಜಿನಿಂದ ಆಚೆ ಬಂದದ್ದು ನಾವು ಮುಳುಗಿಸಿದ್ದ ಅದೇ ಡಿಸ್ಟ್ರಾಯರ್. ಅವರ ರೇಡಿಯೊದವನು ಮೂರು ಪದ ಕಳಿಸಿದ; ನಾಲ್ಕನೆಯದು ಅರ್ಧಕ್ಕೆ ನಿಂತಿತು. ಬರೆದುಕೊಂಡದ್ದು ನಾನೇ.

ಬ್ರೋಕ್ವೇಡ್ ಆ ಚೀಟಿಯನ್ನು ಓದಿದ. ಬಲಬದಿ ಖಾಲಿ ಇದ್ದ ಮೇಲೆ ಬೋಟು ಮುಳುಗಿದ್ದು ಹೇಗೆ? ಅವನ ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು ಬೇಕಾಗಿತ್ತು. ಸಂಜೆಯ ಕಾಫಿ ಬರುವ ಹೊತ್ತಿಗೆ ಸಿಕ್ಕಿತು. ದಿನಚರಿಯಲ್ಲಿ ಬರೆಸಿದ: ‘ಬೇರೆ ಯಾವುದೋ ಶತ್ರುಹಡಗು ಹತ್ತಿರ ಬರುವಾಗ ಅವರ ಪಹರೆಯವರು ನಿದ್ದೆ ಹೋಗಿರಬೇಕು.’

ನಮ್ಮ ನೆಲೆಯಾದ ಲೋರಿಯಾನ್ ಬಂದರಿಗೆ ಬಂದ ಮೇಲೆ ದಳದ ಕಚೇರಿಯವರು, ಮಂಜಿನಲ್ಲಿ ಕಣ್ಣಿಗೆ ಕಾಣದ ಹಡಗಾದ್ದರಿಂದ, ಕಿವಿಯವನ ಸಹಿ ಬೇಕು ಎಂದರು. ಬ್ರೋಕ್ವೇಡ್ ಬೋಟಿನಲ್ಲಿ ತನ್ನ ಮೂಲೆಯ ಹಸಿರು ಪರದೆ ಎಳೆದು ನನ್ನನ್ನು ಕೂರಿಸಿದ.

"ಫ್ರೆರಿಕ್ಸ್, ಆವತ್ತು ಏನು ಕೇಳಿದೆ?"

"ಪ್ರೊಪೆಲ್ಲರ್, ಕ್ಯಾಪ್ಟನ್ ಸಾಹೇಬ್ರೆ. ಓಡ್ತಾನೇ ಇತ್ತು."

"ಅದು ಬೇರೆ ಹಡಗಿನದು."

"ಅಲ್ಲಿ ಬೇರೆ ಹಡಗು ಇರಲಿಲ್ಲ."

"ಇತ್ತು ಅಂತ ನಾನು ಹೇಳ್ತಿದ್ದೀನಲ್ಲ!" ಆಮೇಲೆ ದನಿ ಇಳಿಸಿದ. "ನಿನಗೆ ಮಗು ಹುಟ್ಟಿದೆಯಂತೆ. ಹೆಣ್ಣಾ? ನೋಡು, ನನಗೆ ಆ ಪದಕ ಸಿಕ್ಕರೆ ದಡದ ಕೆಲಸ. ಜೊತೆಗೆ ಒಬ್ಬನನ್ನ ಕರ್ಕೊಂಡು ಹೋಗಬಹುದು. ಹಿರ್ಶೌಯರ್‌ನ ಕರ್ಕೊಂಡು ಹೋಗ್ಲಾ, ನಿನ್ನ ಕರ್ಕೊಂಡು ಹೋಗ್ಲಾ?"

ಪೆನ್ನನ್ನೂ ಅವನೇ ಕೊಟ್ಟ.

ಜನವರಿಯಲ್ಲಿ ನಮ್ಮ ಬೋಟು ಹೊಸ ಕ್ಯಾಪ್ಟನ್, ಹೊಸ ಕಿವಿಯವನೊಂದಿಗೆ ಹೊರಟಿತು. ಹಿರ್ಶೌಯರ್ ಬಂದರಿನ ಕಟ್ಟೆಯ ಮೇಲೆ ನನ್ನ ಕೈ ಕುಲುಕಿ, "ನಿನ್ನ ಕಿವಿ ಬಂಗಾರದ್ದು ಕಣೋ. ಮಾರಿದ್ದೂ ಒಳ್ಳೇ ಹೊತ್ತಲ್ಲೇ," ಎಂದ. ಬೈದನೋ ಹರಸಿದನೋ. ಅವರು ಹಿಂದಿರುಗಲಿಲ್ಲ.

ಎರ್ಲಾಬಾಖ್‌ನ ಆ ಬೆಳಿಗ್ಗೆ, ಶಾಲೆಯ ಮಕ್ಕಳ ಮುಂದೆ, ಭಾಷಣ ಎಂದಿನಂತೆ ಡಿಸ್ಟ್ರಾಯರಿಗೆ ಬಂತು. ಬ್ರೋಕ್ವೇಡ್ ಬೆರಳೆತ್ತಿದ, ನಾನು ತಗಡು ಬಡಿದೆ. ಆಮೇಲೆ ನೀತಿಪಾಠ. ಎಲ್ಲ ಊರಲ್ಲೂ ಹೇಳುತ್ತಿದ್ದ ಅದೇ ಪಾಠ.

"ನಾನು ದಾರಿ ತೆರೆದುಕೊಟ್ಟೆ. ಆದ್ರೆ ಹಿಂದೆ ಬಂದ ಬೋಟಿನ ಪಹರೆಯವರು ಹಾಡಹಗಲೇ ನಿದ್ದೆ ಮಾಡ್ತಿದ್ರು. ನಲವತ್ತೈದು ಜನ ಹೋದ್ರು. ಶತ್ರು ಕೊಲ್ಲಲಿಲ್ಲ, ನಿದ್ದೆ ಕೊಂದಿತು! ಆ ಬೋಟಿನ ಗೋಪುರದ ಮೇಲೆ ಏನೋ ಒಂದು ಕೊಳವೆ ಬರ್ಕೊಂಡಿದ್ರು. ತುತ್ತೂರಿನೋ, ಊದುಗೊಳವೆನೋ. ಊದ್ಕೊಂಡೇ ನಿದ್ದೆ ಹೋದ್ರು ಅನ್ಸುತ್ತೆ."

ಬೇರೆ ಊರಲ್ಲಿ ಇಲ್ಲಿ ನಗು ಬರುತ್ತಿತ್ತು. ಇಲ್ಲಿ ಸಭೆ ಸತ್ತ ಹಾಗೆ ಕೂತಿತ್ತು. ಬ್ರೋಕ್ವೇಡ್ ಅದನ್ನು ಭಕ್ತಿ ಎಂದುಕೊಂಡ. ನಾನು ಪರದೆಯ ಸಂದಿಯಿಂದ ಎದುರುಗೋಡೆ ನೋಡಿದೆ. ಊರಿನ ಲಾಂಛನ: ನೀಲಿ ಹಿನ್ನೆಲೆಯಲ್ಲಿ ಗಾಜು ಊದುವವನ ಕೊಳವೆ.

ನಮ್ಮಲ್ಲಿ ಒಂದೊಂದು ಊರು ಒಂದೊಂದು ಬೋಟನ್ನು ಸಾಕುಮಗುವಿನ ಹಾಗೆ ತೆಗೆದುಕೊಳ್ಳುತ್ತದೆ. ಊರಿನ ಲಾಂಛನ ಬೋಟಿನ ಗೋಪುರದ ಮೇಲೆ. ಕ್ರಿಸ್‌ಮಸ್‌ಗೆ ಊರಿನಿಂದ ಸಾಸೇಜು, ಉಣ್ಣೆಯ ಕಾಲುಚೀಲ. ರಜೆಯಲ್ಲಿ ಬೋಟಿನವರು ಊರಿಗೆ ಅತಿಥಿಗಳು. ಎರ್ಲಾಬಾಖ್‌ನ ಸಾಕುಮಗು ಆ ಮುಳುಗಿದ ಬೋಟೇ. ಯಾವ ಊರಿಗೆ ಹೋಗುತ್ತಿದ್ದೇನೆ ಎಂದು ಕಾಗದ ಓದಿಯೂ ನೋಡದ ವೀರ, ಸತ್ತವರ ಮನೆ ಬಾಗಿಲಲ್ಲೇ ನಿಂತು ಸತ್ತವರನ್ನು ಸೋಮಾರಿಗಳು ಎಂದಿದ್ದ.

ಊರು ಏನು ಮಾಡಿತು? ಕಲ್ಲು ಹೊಡೆಯಿತೇ? ಇಲ್ಲ. ಮೇಯರ್ ಮನೆಯ ಆಲೂಗಡ್ಡೆ ಕಡುಬಿನ ಊಟ ಮುಗಿಸಿ ನಾವು ಚೌಕಕ್ಕೆ ಬರುವ ಹೊತ್ತಿಗೆ ಪುರಸಭೆಯ ಬಾಗಿಲ ಮೇಲಿದ್ದ ಬೋಟಿನ ಹೆಸರಿನ ಹಲಗೆಯನ್ನು ಇಬ್ಬರು ಏಣಿ ಹಾಕಿ ಬಿಚ್ಚುತ್ತಿದ್ದರು. ಬ್ರೆಡ್ಡಿನ ಅಂಗಡಿಯ ಕಿಟಕಿಯಲ್ಲಿದ್ದ ಬೋಟಿನವರ ಫೋಟೊ ಹೋಗಿ ಅಲ್ಲಿ ಒಂದು ಖಾಲಿ ಬುಟ್ಟಿ ಬಂದಿತ್ತು. ಕೊರಳಲ್ಲಿ ಪದಕ ಇದ್ದವನು ಸುಳ್ಳು ಹೇಳುತ್ತಾನೆಯೇ? ಎರಡು ವರ್ಷದ ವಾತ್ಸಲ್ಯಕ್ಕೆ ಎರಡು ಗಂಟೆಯಲ್ಲಿ ತಿಲಾಂಜಲಿ.

"ನನಗೆ ಗೊತ್ತೇ ಇರಲಿಲ್ಲ," ಎಂದು ಬ್ರೋಕ್ವೇಡ್ ಮೇಯರ್‌ಗೆ ಹೇಳಿದ. ಮುಖ ಕೆಂಪಗಾಗಿತ್ತು. ಅರ್ಧ ಗಂಟೆಯಲ್ಲಿ ಅದೂ ಇಳಿಯಿತು. ನನ್ನ ಕಿವಿಯ ಹತ್ತಿರ ಬಂದು, "ಒಂದು ರೀತೀಲಿ ಒಳ್ಳೇದೇ ಆಯ್ತು ಬಿಡು. ಪಾಠ ಇನ್ನೂ ಚೆನ್ನಾಗಿ ನಾಟುತ್ತೆ. ಮೂರು ಗಂಟೆ ಭಾಷಣದಲ್ಲಿ ಡಿಸ್ಟ್ರಾಯರ್‌ಗೆ ಗಾಜೂ ಸೇರಿಸು," ಎಂದ.

ಮೂರು ಗಂಟೆಯದು ಗಾಜಿನ ಕಾರ್ಖಾನೆಯ ಊಟದ ಮನೆಯಲ್ಲಿ, ಕೆಲಸದ ಹೆಂಗಸರಿಗೆ. ನಾನು ಮೊದಲೇ ಹೋಗಿ ತೊಟ್ಟಿಗೆ ನೀರು ತುಂಬುತ್ತಿದ್ದೆ. ಪರದೆ ಸರಿಸಿ ಒಬ್ಬಳು ಒಳಗೆ ಬಂದಳು. ಮೂವತ್ತರ ಆಸುಪಾಸು. ಬೆರಳುಗಳ ತುಂಬ ಸುಟ್ಟ ಗುರುತು.

"ಸದ್ದು ಮಾಡೋರು ನೀವೇನಾ?"

"ಹೌದು."

"ಚೆನ್ನಾಗ್ ಮಾಡ್ತೀರಿ. ಬೆಳಿಗ್ಗೆ ಮಕ್ಕಳ ಜೊತೆ ನಾನೂ ಕೂತಿದ್ದೆ, ಪಕ್ಕದ ಹುಡುಗಿ ಹೆದರಿ ನನ್ನ ತೋಳು ಪರಚಿಬಿಟ್ಟಳು." ತಗಡನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದಳು. "ನಾನು ಆಡೆಲ್‌ಗುಂಡ್ ರೊಂಪೆಲ್. ಇಲ್ಲೇ ಕೆಲಸ. ಮೊದಲು ಗೊಂಬೆಗೆ ಗಾಜಿನ ಕಣ್ಣು ಮಾಡ್ತಿದ್ದೆ, ಈಗ ಸಿಪಾಯಿಗಳಿಗೆ ಮಾಡ್ತೀನಿ. ನನ್ನ ಗಂಡ ಕೊರ್ಡ್ ಆ ಬೋಟಲ್ಲಿದ್ದ. ರಜಕ್ಕೆ ಇಲ್ಲಿಗೆ ಬಂದವನು, ನಮ್ಮ ಮನೇಲಿ ಉಳ್ಕೊಂಡ. ಆಮೇಲೆ ಮದುವೆ."

ನಾನು ಕೊಡ ಕೆಳಗಿಟ್ಟೆ.

"ಮಧ್ಯಾಹ್ನದ ಪಹರೆ ಯಾವಾಗ್ಲೂ ಅವನದೇ," ಎಂದಳು. "ಊರಿಗೆಲ್ಲ ಗೊತ್ತು. ರಜಕ್ಕೆ ಬಂದಾಗ ಮಧ್ಯಾಹ್ನ ಮಲಗು ಅಂದ್ರೆ ಮಲಗ್ತಿರಲಿಲ್ಲ. ಚೌಕದಲ್ಲಿ ನಿಂತ್ಕೊಂಡು ಪಾರಿವಾಳ ಎಣಿಸ್ತಿದ್ದ. ಎಲ್ಲ ನಗ್ತಿದ್ರು. ಇವತ್ತು ನನ್ನ ಅತ್ತಿಗೆ ದಾರೀಲಿ ಸಿಕ್ಕಿ ಏನಂದ್ಲು ಗೊತ್ತಾ? ‘ನಿನ್ನ ಗಂಡನ ನಿದ್ದೆಗೆ ನಲವತ್ನಾಲ್ಕು ಜನ ಬಲಿಯಾದ್ರಲ್ಲೇ’ ಅಂತ."

"ನೋಡಿ, ಫ್ರೌ ರೊಂಪೆಲ್..."

"ಒಂದೇ ಒಂದು ಕೇಳ್ತೀನಿ. ಆ ಡಿಸ್ಟ್ರಾಯರ್ ಮುಳುಗಿದ್ದು ನೀವು ಕೇಳಿದ್ರಾ? ಈ ತಗಡಲ್ಲಲ್ಲ. ಅಲ್ಲಿ."

ಹೊರಗೆ ಬೆಂಚು ಎಳೆಯುವ ಸದ್ದು. ಹೌದು ಎನ್ನಬಹುದಿತ್ತು, ಅದು ನನಗೆ ಅಭ್ಯಾಸವಾಗಿತ್ತು. ಯಾಕೋ ಬಾಯಿ ತಪ್ಪಿತು.

"ಇಲ್ಲ," ಎಂದೆ. ಆಮೇಲೆ ಉಳಿದದ್ದನ್ನೂ ಹೇಳಿದೆ: ಹದಿಮೂರನೆಯ ನಿಮಿಷ, ಓಡುತ್ತಲೇ ಇದ್ದ ಪ್ರೊಪೆಲ್ಲರ್, ನಾನೇ ಕಳಿಸಿದ ಸುದ್ದಿ, ನಾನೇ ಹಾಕಿದ ಸಹಿ. ಅವಳು ಅಳಲಿಲ್ಲ, ನನ್ನ ಕೆನ್ನೆಗೆ ಹೊಡೆಯಲೂ ಇಲ್ಲ. ಗಾಜಿನ ಪೆಟ್ಟಿಗೆಯ ಅಂಚಿನ ಮೇಲೆ ಮೆಲ್ಲಗೆ ಕೂತಳು.

"ಹಾಗಾದ್ರೆ ಎದುರಿಗೆ ಏನೂ ಇಲ್ಲ ಅಂತ ನೀವೇ ಅವನಿಗೆ ಹೇಳಿದ್ರಿ."

"ನಾವೇ."

"ಅವನು ಎದ್ದೇ ಇದ್ದ."

"ಎದ್ದೇ ಇದ್ದಿರ್ತಾರೆ. ಮಂಜಿನಲ್ಲಿ ಯಾರಿಗೂ ಕಾಣ್ತಿರಲಿಲ್ಲ."

ಅವಳು ಮತ್ತೆ ತಗಡಿನ ಕಡೆ ನೋಡಿದಳು. "ವೇದಿಕೆ ಹತ್ತಿ ನಿಜ ಹೇಳಿ ಅಂತ ನಾನು ಕೇಳಲ್ಲ. ಹೇಳಿದ್ರೆ ನಿಮ್ಮ ತಲೆ ಹಾರಿಸ್ತಾರೆ, ಅಷ್ಟು ನನಗೂ ಗೊತ್ತು. ಒಂದು ಸಣ್ಣ ಕೆಲಸ ಮಾಡಿ. ಇವತ್ತು ಡಿಸ್ಟ್ರಾಯರ್ ಬಂದಾಗ ತಗಡು ಬಡೀಬೇಡಿ."

"ಏನು?"

"ಕೈ ಕಟ್ಕೊಂಡು ಕೂತಿರಿ. ಬೇರೆ ಎಲ್ಲದಕ್ಕೂ ಬಡೀರಿ, ಅದೊಂದಕ್ಕೆ ಬೇಡ. ಆಮೇಲೆ ತಗಡು ಜಾರಿತು ಅನ್ನಿ, ಕೈ ಉಳುಕಿತು ಅನ್ನಿ. ಅದಕ್ಕೆ ಯಾರೂ ಗಲ್ಲಿಗೆ ಹಾಕಲ್ಲ."

"ಅದರಿಂದ ಏನಾಗುತ್ತೆ?"

"ಅವನು ಬೆರಳೆತ್ತಿ ನಿಂತಿರ್ತಾನೆ. ಏನೂ ಸದ್ದು ಬರಲ್ಲ. ಬೆಳಿಗ್ಗೆ ಮಕ್ಕಳಿಗೆ ಆ ಸದ್ದು ಕೇಳಿಸಿದೆ, ಈಗ ತಾಯಂದಿರಿಗೆ ಕೇಳಿಸಲ್ಲ. ಸಂಜೆ ಮನೇಲಿ ಮಾತು ಬರುತ್ತೆ. ನಮ್ಮೂರ ಹೆಂಗಸರು ಗಾಜಿನ ಬಿರುಕನ್ನ ಕಿವಿಯಿಂದಲೇ ಹಿಡೀತಾರೆ. ಯಾಕೆ ಅದೊಂದಕ್ಕೆ ಸದ್ದಿಲ್ಲ ಅಂತ ಒಬ್ಬಳಾದ್ರೂ ಕೇಳ್ತಾಳೆ." ಎದ್ದು ನಿಂತಳು. "ನನಗೆ ಅಷ್ಟು ಸಾಕು. ಒಂದು ಅನುಮಾನ. ಅವನ ಹೆಸರು ಆ ಅನುಮಾನದ ಮೇಲೆ ನಿಂತ್ಕೊಳ್ಳುತ್ತೆ."

"ನೋಡ್ತೀನಿ," ಎಂದೆ. ಭೂಮಿಯ ಮೇಲಿನ ಅತಿ ಹೇಡಿ ಮಾತು ಅದು. ಅವಳು ಅದಕ್ಕೂ ತಲೆಯಾಡಿಸಿ ಹೋದಳು.

ಮೂರು ಗಂಟೆಗೆ ಸರಿಯಾಗಿ ಬ್ರೋಕ್ವೇಡ್ ಪರದೆಯ ಹಿಂದೆ ಬಂದು ಕೊರಳಿನ ಪದಕ ನೇರ ಮಾಡಿಕೊಂಡ. ನನ್ನ ಮುಖ ನೋಡಿ, "ಏನಾಯ್ತೋ? ಕಡುಬು ಜೀರ್ಣ ಆಗ್ಲಿಲ್ವಾ?" ಎಂದ.

"ಏನಿಲ್ಲ, ಕ್ಯಾಪ್ಟನ್ ಸಾಹೇಬ್ರೆ."

"ಎಮ್ಡನ್‌ನಿಂದ ಕಾಗದ ಬಂತಾ? ಮಗು ಹೇಗಿದೆ?" ಉತ್ತರಕ್ಕೆ ಕಾಯಲಿಲ್ಲ. "ಹೊಸ ಬೋಟುಗಳಿಗೆ ರೇಡಿಯೊದವರು ಸಾಲ್ತಿಲ್ವಂತೆ. ನಿನ್ನೆ ಕೂಡ ಫೋನ್ ಮಾಡಿದ್ರು. ನನ್ನ ಫ್ರೆರಿಕ್ಸ್‌ನ ಮುಟ್ಟಬೇಡಿ ಅಂದಿದ್ದೀನಿ." ನನ್ನ ಭುಜ ತಟ್ಟಿ ವೇದಿಕೆಗೆ ಹೋದ.

ಅವನಿಗೆ ಏನೂ ಗೊತ್ತಿರಲಿಲ್ಲ. ಆ ಮಾತನ್ನು ಅವನು ವಾರಕ್ಕೊಮ್ಮೆ ಹೇಳುತ್ತಿದ್ದ, ನಾಯಿಯ ಕೊರಳಪಟ್ಟಿ ಸರಿ ಇದೆಯೇ ಎಂದು ನೋಡುವ ಹಾಗೆ.

ಸ್ವೀಡಿಷ್ ಹಡಗು ಮುಳುಗಿತು. ಎಣ್ಣೆ ಹಡಗು ಮುಳುಗಿತು. ಸಂದಿಯಿಂದ ಸಭೆ ಕಾಣುತ್ತಿತ್ತು: ನೀಲಿ ಏಪ್ರನ್ ತೊಟ್ಟ ಇನ್ನೂರು ಹೆಂಗಸರು. ಮೂರನೆಯ ಸಾಲಿನಲ್ಲಿ ಆಡೆಲ್‌ಗುಂಡ್. ಅವಳ ಎರಡೂ ಪಕ್ಕ ಒಂದೊಂದು ಜಾಗ ಖಾಲಿ ಬಿಟ್ಟಿದ್ದರು. ಅವಳು ಬ್ರೋಕ್ವೇಡ್‌ನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದಳು.

"ಹದಿಮೂರು ಸೆಕೆಂಡ್!" ಎಂದ ಬ್ರೋಕ್ವೇಡ್. ಭಾಷಣದಲ್ಲಿ ಆ ನಿಮಿಷಗಳು ಯಾವತ್ತೋ ಸೆಕೆಂಡುಗಳಾಗಿದ್ದವು. "ಮತ್ತೆ... ಕೇಳಿ!"

ಬೆರಳು ಮೇಲೆ ಹೋಯಿತು.

ನಾನು ಕೈ ಕಟ್ಟಿಕೊಂಡೆ. ಇದನ್ನು ಬರೆಯಲೇಬೇಕು, ಯಾಕೆಂದರೆ ನನ್ನ ಯುದ್ಧವೆಲ್ಲ ಸೇರಿ ಇಷ್ಟೇ. ಒಂದು, ಎರಡು, ಮೂರು. ಸಭೆ ಉಸಿರು ಹಿಡಿದಿತ್ತು. ಅವನ ಬೆರಳು ಗಾಳಿಯಲ್ಲಿ ಒಂಟಿಯಾಗಿ ನಿಂತಿತ್ತು, ಮೂರ್ಖ ಬೆರಳು. ಮುಂದಿನ ಸಾಲಿನಲ್ಲಿ ಒಬ್ಬಳು ಪಕ್ಕದವಳ ಕಡೆ ತಿರುಗಿದಳು. ನಾಲ್ಕು. ಅವನು ಪರದೆಯ ಕಡೆ ಕತ್ತು ತಿರುಗಿಸಿದ. ಕಣ್ಣಲ್ಲಿ ಕೋಪವಿರಲಿಲ್ಲ, ಕುತೂಹಲವಿತ್ತು.

ಬಡಿದೆ. ಗಾಜೂ ಸೇರಿಸಿದೆ. ಯಾವ ಊರಲ್ಲೂ ಅಷ್ಟು ಚೆನ್ನಾಗಿ ಬಡಿದಿರಲಿಲ್ಲ. ಉಸಿರು ಮುಗಿಯುವವರೆಗೂ ಗುಳ್ಳೆ ಊದಿದೆ. ಆ ಡಿಸ್ಟ್ರಾಯರಿನ ಪ್ರತಿ ಕೋಣೆ, ಪ್ರತಿ ಬಾಗಿಲು, ಪ್ರತಿ ಮೊಳೆ ಮುಳುಗಿತು. ಹೆಂಗಸರು ಎದ್ದು ನಿಂತು ಚಪ್ಪಾಳೆ ಹೊಡೆದರು. ತಡವಾಗಿ ಬಂದದ್ದರಿಂದ ಪರಿಣಾಮ ಇನ್ನೂ ಹೆಚ್ಚಿತು ಎಂದು ಬ್ರೋಕ್ವೇಡ್ ಆಮೇಲೆ ಹೊಗಳಿದ. "ಇನ್ಮೇಲೆ ಯಾವಾಗ್ಲೂ ನಾಲ್ಕು ಎಣಿಸಿ ಹೊಡಿ," ಎಂದ.

ಐದೂಕಾಲಿಗೆ ರೈಲು. ವೀರ ಮೇಯರ್ ಜೊತೆ ಬಿಯರ್ ಕುಡಿಯುತ್ತಿದ್ದ. ನಾನು ಕಾರ್ಖಾನೆಯ ಉಗ್ರಾಣದಲ್ಲಿ ಒಂದು ಪೆಟ್ಟಿಗೆಯ ಮೇಲೆ ಕಾಗದ ಇಟ್ಟು ಬರೆದೆ. ತಾರೀಕು, ಹೊತ್ತು, ಎಷ್ಟನೆಯ ನಿಮಿಷ, ಪ್ರೊಪೆಲ್ಲರ್ ಯಾವ ದಿಕ್ಕಿಗೆ ಓಡಿತು, ಆ ಬೋಟಿನ ಪಹರೆಯವರ ತಪ್ಪೇನೂ ಇಲ್ಲ. ಕೆಳಗೆ ಪೂರ್ತಿ ಹೆಸರು. ಮನಸ್ಸು ಹಗುರವಾಯಿತು. ನನ್ನಂಥವರ ಮನಸ್ಸು ಬಹಳ ಅಗ್ಗಕ್ಕೆ ಹಗುರವಾಗುತ್ತದೆ.

ಅವಳು ಗೇಟಿನ ಹತ್ತಿರ ಸಿಕ್ಕಳು. ಪಾಳಿ ಮುಗಿದು ಹೆಂಗಸರು ಗುಂಪುಗುಂಪಾಗಿ ಹೊರಡುತ್ತಿದ್ದರು. ಅವಳು ಒಬ್ಬಳೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಫ್ರೌ ರೊಂಪೆಲ್."

ತಿರುಗಿದಳು. "ರೈಲು ತಪ್ಪುತ್ತೆ ನಿಮಗೆ."

"ಇದನ್ನ ತಗೊಳ್ಳಿ. ಎಲ್ಲಾ ಬರೆದಿದ್ದೀನಿ. ಸಹಿ ಇದೆ."

ಅವಳು ಕಾಗದ ನೋಡಿದಳು, ಕೈ ಚಾಚಲಿಲ್ಲ. "ಯಾರಿಗೆ ತೋರಿಸ್ಲಿ?"

"ಈಗ ಯಾರಿಗೂ ಬೇಡ. ಬಚ್ಚಿಡಿ. ಯುದ್ಧ ಮುಗಿದ ಮೇಲೆ..."

"ಯುದ್ಧ ಮುಗಿದ ಮೇಲೆ." ಅವಳು ನಕ್ಕಳು, ಸದ್ದಿಲ್ಲದೆ. "ಆಗ ಎಲ್ಲರೂ ಜೇಬಿಂದ ಒಂದೊಂದು ಕಾಗದ ತೆಗೀತಾರೆ, ನಾನು ಆಗಲೇ ಬರೆದಿಟ್ಟಿದ್ದೆ ಅಂತ. ನಿಮ್ಮದನ್ನ ನಾನು ಕಾಪಾಡಿ ಇಟ್ಕೋಬೇಕಾ?"

"ನನಗಲ್ಲ. ಕೊರ್ಡ್‌ಗೋಸ್ಕರ."

"ಕೊರ್ಡ್‌ಗೆ ಬೇಕಾಗಿದ್ದು ಇವತ್ತು ಮೂರೂವರೆ ಗಂಟೆಗೆ, ಆ ಪರದೆ ಹಿಂದೆ. ನೀವು ನಾಲ್ಕು ಎಣಿಸಿದ್ರಿ, ನಾನೂ ಜೊತೆಗೆ ಎಣಿಸ್ತಿದ್ದೆ."

ಕಾಗದವನ್ನು ಅವಳ ಕೈಚೀಲದೊಳಗೆ ಹಾಕಲು ಹೋದೆ. ಅವಳು ಚೀಲವನ್ನು ಬೆನ್ನ ಹಿಂದೆ ತೆಗೆದುಕೊಂಡಳು.

"ದಯವಿಟ್ಟು ತಗೊಳ್ಳಿ," ಎಂದೆ.

"ಬೇಡ."